ಶಾಲು ಹತ್ತೊಂಬತ್ತು, ಹಾಡು ನಾಲ್ಕು

ಹೋದ ವರ್ಷ ಆಗಸ್ಟ್‌ನಲ್ಲಿ ಒಂದು ಶನಿವಾರ ಸಂಜೆ ಆಫೀಸಿನ ಇಬ್ಬರು ಗೆಳತಿಯರು ನನ್ನನ್ನು ಬೆಂಗಳೂರಿನ ಒಂದು ಜಾಝ್ ಕಛೇರಿಗೆ ಎಳ್ಕೊಂಡು ಹೋದರು. ನ್ಯಾಟ್ ಕಿಂಗ್ ಕೋಲ್ ನೆನಪಿಗೆ ಅಂತ ಇಟ್ಟುಕೊಂಡಿದ್ದ ಕಾರ್ಯಕ್ರಮ. ಟಿಕೆಟ್ಟಿಗೆ ಒಂದೂವರೆ ಸಾವಿರ. ಆ ಹೆಸರನ್ನು ಅವತ್ತೇ ಮೊದಲ ಸಲ ಕೇಳ್ತಿದ್ದೀನಿ ಅಂತ ಹೇಳೋಕೆ ನಾಚಿಕೆಯಾಗಿ, ಕ್ಯಾಬಿನ ಹಿಂದಿನ ಸೀಟಿನಲ್ಲಿ ಕೂತು ಫೋನಿನಲ್ಲಿ ಗುಟ್ಟಾಗಿ ಓದ್ಕೊಂಡೆ.

ಎಂಟು ಗಂಟೆಗೆ ದೀಪ ಮಂಕಾಯ್ತು. ಒಬ್ಬ ಹುಡುಗ ಬಂದು ಪಿಯಾನೋ ಮುಂದೆ ಕೂತ, ಪಕ್ಕದಲ್ಲೊಬ್ಬ ಗಿಟಾರ್, ಇನ್ನೊಬ್ಬ ಆಳೆತ್ತರದ ಬೇಸ್ ಹಿಡಿದು ನಿಂತ. ಸ್ವಾಗತ ಭಾಷಣ ಇಲ್ಲ, ದೀಪ ಬೆಳಗಿಸೋದಿಲ್ಲ, ವಂದನಾರ್ಪಣೆ ಇಲ್ಲ. ಹುಡುಗ ತಾನೇ ನುಡಿಸ್ತಾ ತಾನೇ ಹಾಡಿದ. ಒಂದೂವರೆ ತಾಸು. ಮುಗೀತು, ಜನ ಎದ್ದು ಚಪ್ಪಾಳೆ ತಟ್ಟಿದರು, ಮನೆಗೆ ಹೋದರು.

ಹೊರಗೆ ಬರುವಾಗ ಒಬ್ಬ ಗೆಳತಿ ಕೇಳಿದಳು, ‘ನಿಮ್ಮ ಕಡೆ ಇಂಥದ್ದೆಲ್ಲ ಇರುತ್ತಾ?’

ನಮ್ಮ ಕಡೆ ಅಂದ್ರೆ ಕೊಟ್ಟೂರು ಕಡೆ. ಅವಳ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ‘ಇರುತ್ತೆ, ಪ್ರತಿ ಸೆಪ್ಟೆಂಬರ್‌ನಲ್ಲಿ’ ಅಂದೆ. ‘ಅಲ್ಲೂ ಹಾಡೋರು ತಾವೇ ನುಡಿಸ್ಕೊಂತ ಹಾಡ್ತಾರೆ. ಪಿಯಾನೋ ಅಲ್ಲ, ಪೇಟಿ.’

ಪೇಟಿ ಅಂದ್ರೆ ಹಾರ್ಮೋನಿಯಂ. ನನ್ನ ಅಮ್ಮನ ಅಪ್ಪ, ನಮ್ಮಜ್ಜ, ಪೇಟಿ ಮಾಸ್ತರ ಆಗಿದ್ದ. ಅವನ ಪೇಟಿ ಊರಿನ ಮನೆಯ ಅಟ್ಟದ ಮೇಲೆ ಈರುಳ್ಳಿ ಚೀಲಗಳ ಪಕ್ಕ ಹಳೇ ಜಮಖಾನದಲ್ಲಿ ಸುತ್ತಿಟ್ಟುಕೊಂಡು ಕೂತಿತ್ತು. ಅದು ಅವತ್ತು ಯಾಕೋ ನೆನಪಾಯ್ತು.

ಈ ನ್ಯಾಟ್ ಕಿಂಗ್ ಕೋಲ್ ಕಥೆ ಸ್ವಲ್ಪ ಹೇಳ್ತೀನಿ ಕೇಳಿ. 1919ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿದ ಕಪ್ಪು ಹುಡುಗ. ಅಪ್ಪ ಚರ್ಚಿನ ಪಾದ್ರಿ, ಅಮ್ಮ ಅದೇ ಚರ್ಚಿನಲ್ಲಿ ಆರ್ಗನ್ ನುಡಿಸೋಳು. ಕೀಲಿಮಣೆ ಮೊದಲು ಕಲಿಸಿದ್ದು ಅವ್ವನೇ. 1937ರಲ್ಲಿ ಪಿಯಾನೋ, ಗಿಟಾರ್, ಬೇಸ್ ಅಂತ ಮೂರೇ ಜನರ ತಂಡ ಕಟ್ಟಿದ. ಡ್ರಮ್ಸ್ ಇಲ್ಲ. ಆಗ ಅವನು ಮುಖ್ಯವಾಗಿ ಪಿಯಾನೋ ವಾದಕ, ಹಾಡೋದು ಆಮೇಲೆ ಬಂದದ್ದು. ಆಮೇಲೆ ಬಂದದ್ದೇ ದೊಡ್ಡದಾಯ್ತು. 1948ರ ಹೊತ್ತಿಗೆ ಮನೆಮನೆಯ ರೇಡಿಯೋದಲ್ಲಿ ಅವನ ದನಿ. ಹಿಂದೆ ಪಿಟೀಲುಗಳ ದೊಡ್ಡ ಮೇಳ ಬಂತು, ಬೆರಳು ಹಿಂದೆ ಸರಿಯಿತು. ಇವನು ಅಷ್ಟು ಚೆನ್ನಾಗಿ ಪಿಯಾನೋ ನುಡಿಸ್ತಿದ್ದ ಅನ್ನೋದೇ ಎಷ್ಟೋ ಜನಕ್ಕೆ ಮರೆತುಹೋಯ್ತು.

1956ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಬಿಳಿಯರೇ ತುಂಬಿದ್ದ ಸಭೆಗೆ ಹಾಡ್ತಿದ್ದಾಗ, ನಾಲ್ಕಾರು ಜನ ವೇದಿಕೆಗೆ ನುಗ್ಗಿ ಅವನನ್ನು ಕೆಡವಿದರು. ಕಪ್ಪು ಮನುಷ್ಯ ಬಿಳಿಯರ ಮುಂದೆ ಪ್ರೀತಿಯ ಹಾಡು ಹಾಡೋದು ಅವರಿಗೆ ಸಹಿಸಲಿಲ್ಲ. ಅದೇ ವರ್ಷ ಟಿವಿಯಲ್ಲಿ ಅವನದೇ ಕಾರ್ಯಕ್ರಮ ಶುರುವಾಯ್ತು. ಜನ ನೋಡಿದರು, ಆದರೆ ಇಡೀ ದೇಶಕ್ಕೆ ಅಂತ ದುಡ್ಡು ಹಾಕೋ ಒಂದು ಕಂಪನಿಯೂ ಸಿಗಲಿಲ್ಲ. ಮುಂದಿನ ವರ್ಷ ನಿಂತುಹೋಯ್ತು. 1965ರಲ್ಲಿ ಶ್ವಾಸಕೋಶದ ಕ್ಯಾನ್ಸರ್. ಬರೀ 45 ವರ್ಷ.

ಅವನು ಹೋದ ವರ್ಷವೇ ಆಸ್ಕರ್ ಪೀಟರ್‌ಸನ್ ಅನ್ನೋ ಮಹಾ ಪಿಯಾನೋ ವಾದಕ ಅವನ ನೆನಪಿಗೆ ಒಂದು ಧ್ವನಿಮುದ್ರಿಕೆ ಮಾಡಿದ. ನುಡಿಸೋದರಲ್ಲಿ ಜಗತ್ತಿಗೇ ಗೊತ್ತಿದ್ದವನು, ಅದರಲ್ಲಿ ಕೂತು ತಾನೇ ಹಾಡಿದ. 1991ರಲ್ಲಿ ಮಗಳು ನಟಾಲಿ, ಅಪ್ಪನ ಹಳೇ ಮುದ್ರಿಕೆಯ ದನಿ ಜತೆ ತನ್ನ ದನಿ ಸೇರಿಸಿ ಜೋಡಿ ಹಾಡು ಮಾಡಿದಳು. ಸತ್ತವರನ್ನು ನೆನೆಯೋಕೆ ಅವರಿಗೆ ಗೊತ್ತಿದ್ದ ದಾರಿ ಅದು, ಕೂತು ನುಡಿಸೋದು, ಹಾಡೋದು.

ನಮ್ಮ ದಾರಿ ಬೇರೆ ಇದೆ. ಅದಕ್ಕೇ ಬರ್ತೀನಿ.

ನಮ್ಮ ಕಡೆ ಸೆಪ್ಟೆಂಬರ್ ಬಂತಂದ್ರೆ ಗದಗಿನ ಪುಟ್ಟಜ್ಜನ ಪುಣ್ಯಸ್ಮರಣೆ. ಪಂಡಿತ ಪುಟ್ಟರಾಜ ಗವಾಯಿಗಳು ತೀರಿಕೊಂಡದ್ದು 2010ರ ಸೆಪ್ಟೆಂಬರ್ 17ರಂದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಾದರೂ ಒಂದು ಮಠದ ಅಂಗಳದಲ್ಲೋ ಶಾಲೆ ಮೈದಾನದಲ್ಲೋ ಶಾಮಿಯಾನ ಬಿದ್ದಿರುತ್ತೆ. ನಮ್ಮ ಹರಪನಹಳ್ಳಿಯವರಿಗೆ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ ಅಂತ ಜಿಲ್ಲೆ ಬದಲಾಗಿದ್ದೇ ಬದಲಾಗಿದ್ದು. ಪುಟ್ಟಜ್ಜ ಮಾತ್ರ ಬದಲಾಗಲಿಲ್ಲ.

1914ರಲ್ಲಿ ಹಾನಗಲ್ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿದ ಕೂಸು, ಕೆಲವೇ ತಿಂಗಳಿಗೆ ಕಣ್ಣು ಕಳೆದುಕೊಂಡಿತು. ಅಪ್ಪ ಅವ್ವನೂ ಬೇಗ ಹೋದರು. ಸೋದರಮಾವನ ಮನೆಯಲ್ಲಿ ಒಂದು ಹಾರ್ಮೋನಿಯಂ ಇತ್ತು. ಕಣ್ಣಿಲ್ಲದ ಹುಡುಗ ತಡಕಾಡಿ ಅದರ ಮೇಲೆ ಬೆರಳಾಡಿಸೋದನ್ನು ನೋಡಿದ ಮಾವ, ಅವನನ್ನು ಪಂಚಾಕ್ಷರಿ ಗವಾಯಿಗಳ ಹತ್ತಿರ ಬಿಟ್ಟರು. ಅವರೂ ಅಂಧರು. ಊರೂರು ಸುತ್ತುತ್ತಾ ಪಾಠ ಹೇಳುತ್ತಿದ್ದವರು, ಆಮೇಲೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಅಂತ ನೆಲೆ ನಿಂತರು. 1944ರಲ್ಲಿ ಗುರು ಹೋದ ಮೇಲೆ ಆಶ್ರಮದ ಭಾರ ಪುಟ್ಟಜ್ಜನ ಹೆಗಲಿಗೆ ಬಂತು. ಹಿಂದೂಸ್ತಾನಿ, ಕರ್ನಾಟಕಿ ಎರಡೂ ಹಾಡುತ್ತಿದ್ದರು, ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಯಾವುದು ಕೊಟ್ಟರೂ ನುಡಿಸುತ್ತಿದ್ದರು. ಅಂಧ ಮಕ್ಕಳು, ಅನಾಥ ಮಕ್ಕಳು, ನೂರಾರು ಜನಕ್ಕೆ ಅನ್ನ, ಪಾಠ. ಈ ಅನ್ನ ಎಲ್ಲಿಂದ ಬರಬೇಕು? ಆಶ್ರಮದ್ದೇ ನಾಟಕ ಕಂಪನಿ ಇತ್ತು, ಊರೂರಿಗೆ ಹೋಗಿ ನಾಟಕ ಆಡಿ ದುಡ್ಡು ತರುತ್ತಿತ್ತು. ಆಮೇಲೆ ತುಲಾಭಾರ.

ತುಲಾಭಾರ ನಮ್ಮ ಊರಲ್ಲೂ ಆಗಿತ್ತಂತೆ. ತಕ್ಕಡಿಯ ಒಂದು ಕಡೆ ಪುಟ್ಟಜ್ಜ, ಇನ್ನೊಂದು ಕಡೆ ನಾಣ್ಯದ ಚೀಲ. ನಮ್ಮಮ್ಮ ತನ್ನ ಹುಂಡಿ ಒಡೆದು ಹಾಕಿದ್ದಳಂತೆ. ‘ಎಷ್ಟಿತ್ತು?’ ಅಂದರೆ ‘ಎಣಿಸಲಿಲ್ಲ, ಭಾರ ಇತ್ತು’ ಅಂತಾಳೆ. ಆ ಭಾರವೆಲ್ಲ ಗದಗಿಗೆ ಹೋಗಿ ಮಕ್ಕಳ ರೊಟ್ಟಿಯಾಯ್ತು.

ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದ ಒಬ್ಬ ಹುಡುಗ ಆ ರೊಟ್ಟಿ ತಿಂದು ಬೆಳೆದ. ಅಪ್ಪ ಜಾನಪದ ಹಾಡುಗಾರ. ತೊಗಲುಗೊಂಬೆ ಆಡಿಸುವ ಮಾವ ಬೆಳಗಲ್ಲು ವೀರಣ್ಣ 1968ರಲ್ಲಿ ಅವನನ್ನು ಆಶ್ರಮಕ್ಕೆ ಬಿಟ್ಟರು. ಅವರೇ ಇವತ್ತು ನೀವು ಹೆಡ್‌ಫೋನ್ ಹಾಕ್ಕೊಂಡು ಕೇಳುವ ಪಂಡಿತ ವೆಂಕಟೇಶ ಕುಮಾರ್. ತುಲಾಭಾರದ ದುಡ್ಡು ಎಲ್ಲಿಗೆ ಹೋಯ್ತು ಅಂತ ಯಾರಾದರೂ ಕೇಳಿದರೆ ಇವರ ಒಂದು ಹಾಡು ಹಾಕಿಬಿಡಿ.

ಇನ್ನು ಈ ಪೇಟಿಯ ವಿಷಯ. ಇದರ ಅಜ್ಜಿಮನೆ ಪ್ಯಾರಿಸ್. 1840ರ ಸುಮಾರಿಗೆ ಅಲೆಕ್ಸಾಂಡ್ರ್ ದೆಬೆ ಎಂಬಾತ ಅಲ್ಲಿ ಮಾಡಿದ್ದು. ಪಿಯಾನೋದಂಥದೇ ಕೀಲಿಮಣೆ, ಒಳಗೆ ತಂತಿ ಬದಲು ಗಾಳಿಗೆ ನಡುಗುವ ಲೋಹದ ಎಲೆಗಳು. ದೊಡ್ಡ ಆರ್ಗನ್ ಕೊಳ್ಳಲಾಗದ ಚರ್ಚುಗಳಿಗೆ ಇದು ಬಂತು, ಪಾದ್ರಿಗಳ ಜತೆ ಹಡಗು ಹತ್ತಿ ನಮ್ಮ ಕಡೆಗೂ ಬಂತು. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತಿ ಇನ್ನೊಂದು ಕೈಯಲ್ಲಿ ನುಡಿಸುವ ರೂಪ ಕೊಟ್ಟವರು ಕಲ್ಕತ್ತಾದ ದ್ವಾರಕಾನಾಥ್ ಘೋಷ್. ಅಂದ್ರೆ ಅಲಬಾಮಾದ ಆ ಅವ್ವ ನುಡಿಸಿದ ಚರ್ಚಿನ ಆರ್ಗನ್ನಿಗೂ ನಮ್ಮಜ್ಜನ ಪೇಟಿಗೂ ದೂರದ ನೆಂಟಸ್ತನ ಉಂಟು.

ಬಂದ ಸೊಸೆಗೆ ಇಲ್ಲಿ ಮರ್ಯಾದೆ ಸಿಗಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರೋಕೆ ಇದಕ್ಕೆ ಬರಲ್ಲ, ಒಂದೊಂದು ಮನೆಗೂ ಗೋಡೆ ಇದೆ, ನಮ್ಮ ಸಂಗೀತಕ್ಕೆ ಇದು ಆಗಲ್ಲ ಅಂದರು. 1940ರ ಮಾರ್ಚ್‌ನಿಂದ ಆಕಾಶವಾಣಿ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. 1971ರವರೆಗೆ! ಆಮೇಲೂ ಷರತ್ತಿನ ಮೇಲೆ ಒಳಗೆ ಬಿಟ್ಟುಕೊಂಡಿದ್ದು. ಆ ಮೂವತ್ತು ವರ್ಷವೂ ನಮ್ಮ ಐದು ತಾಲೂಕಿನ ಬಯಲಾಟ, ಕಂಪನಿ ನಾಟಕ, ಭಜನೆ ಎಲ್ಲ ನಡೆದದ್ದು ಪೇಟಿಯ ಮೇಲೇ. ದಿಲ್ಲಿಯವರ ಆಕ್ಷೇಪ ಕೊಟ್ಟೂರಿಗೆ ಗೊತ್ತೇ ಆಗಲಿಲ್ಲ ಅಂತ ಕಾಣುತ್ತೆ.

ಆ ಜಾಝ್ ಸಂಜೆ ಆಗಿ ಎರಡು ವಾರಕ್ಕೆ ಊರಿಂದ ಮಾವನ ಫೋನು. ನಮ್ಮಮ್ಮನ ತಮ್ಮ, ಊರಿನ ಪುಣ್ಯಸ್ಮರಣೆ ಕಮಿಟಿಯಲ್ಲಿ ಮುಂದಾಳು.

‘ತಂಗೀ, ಈ ವರ್ಷ ಪಟ್ಟಿ ಎಷ್ಟು ಬರಕೊಳ್ಳಾನು?’

‘ಐದು ಸಾವಿರ ಬರಕೋ ಮಾಮ.’

‘ಹ್ಞೂಂ ಆತು. ಇನ್ನೊಂದು. ಮಠದ ಪೇಟಿಗೆ ಇಲಿ ಬಿದ್ದು ತಿದಿ ಹರಿದಾವ. ಅಪ್ಪನ ಪೇಟಿ ಇಳಿಸಲೇನು ಅಟ್ಟದಿಂದ? ನಿಮ್ಮವ್ವ ನಿನ್ನ ಕೇಳು ಅಂದ್ಲು.’

ಅಮ್ಮ ನನ್ನನ್ನು ಯಾಕೆ ಕೇಳಬೇಕು ಅಂತ ಆಗ ತಿಳಿಯಲಿಲ್ಲ. ಅಜ್ಜನ ಪೇಟಿ ವಿಷಯ ಅವಳು ಎಂದೂ ಎತ್ತಿದವಳಲ್ಲ. ಇಳಿಸು ಅಂದೆ. ಶುಕ್ರವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದೆ.

ಕಾರ್ಯಕ್ರಮ ಆರಕ್ಕೆ ಅಂತ ಫ್ಲೆಕ್ಸ್‌ನಲ್ಲಿತ್ತು. ಫ್ಲೆಕ್ಸ್ ದೊಡ್ಡದು. ಅದರಲ್ಲಿ ಪುಟ್ಟಜ್ಜನ ಫೋಟೋ ಒಂದು, ಬೇರೆಯವರ ಫೋಟೋ ಇಪ್ಪತ್ತೆರಡು, ನಾನೇ ಎಣಿಸಿದ್ದು. ಹಾಡಲು ಬಂದವರ ಹೆಸರು ಕೆಳಗೆ ಮೂಲೆಯಲ್ಲಿ, ಶಾಮಿಯಾನದವನ ಫೋನ್ ನಂಬರಿನ ಮೇಲೆ.

ಅವರು ಐದಕ್ಕೇ ಬಂದಿದ್ದರು. ಐವತ್ತರ ಆಸುಪಾಸು, ಅಂಧರು, ಆಶ್ರಮದಲ್ಲಿ ಹನ್ನೆರಡು ವರ್ಷ ಇದ್ದವರು. ಹೆಸರು ಇಲ್ಲಿ ಬೇಡ, ಅವರನ್ನು ಕೇಳಿಲ್ಲ. ನಾವು ಗವಾಯಿಗಳೇ ಅಂತ ಕರೆಯೋಣ, ಊರಲ್ಲಿ ಎಲ್ಲರೂ ಹಾಗೇ ಕರೆದರು. ಜತೆಗೆ ತಬಲಾಕ್ಕೆ ಒಬ್ಬ ಹುಡುಗ. ಇಬ್ಬರೂ ಎರಡು ಬಸ್ ಬದಲಿಸಿ ಬಂದಿದ್ದರು. ಶಾಲೆಯ ಒಂದು ಕೋಣೆಯಲ್ಲಿ ಕೂರಿಸಿ ಮಂಡಕ್ಕಿ ಮಿರ್ಚಿ, ಚಹಾ ಕೊಟ್ಟಿದ್ದರು. ನಾನು ಪೇಟಿ ತಗೊಂಡು ಅಲ್ಲಿಗೆ ಹೋದೆ.

ಜಮಖಾನ ಬಿಚ್ಚಿದಾಗ ಈರುಳ್ಳಿ ವಾಸನೆ. ನನಗೆ ಮುಜುಗರ. ಗವಾಯಿಗಳು ನಕ್ಕರು, ‘ನಮ್ಮ ಕಡೆ ಪೇಟಿ ಐತಿ ಬಿಡ್ರಿ.’ ತಿದಿ ಒತ್ತಿ ನೋಡಿದರು, ಗಾಳಿ ನಿಂತಿತು. ಒಂದೊಂದೇ ಮನೆ ಒತ್ತುತ್ತಾ ಹೋದರು. ಮೂರು ಕಡೆ ಸೊಲ್ಲಿಲ್ಲ. ಮೇಲಿನ ಹಲಗೆ ತೆಗೆಸಿ, ನನ್ನ ಬಸ್ ಟಿಕೆಟ್ಟನ್ನೇ ಉದ್ದಕ್ಕೆ ಮಡಚಿ, ಸೊಲ್ಲಿಲ್ಲದ ಕಡೆಯ ಲೋಹದ ಎಲೆಯ ಕೆಳಗೆ ಮೆಲ್ಲಗೆ ತೂರಿಸಿ ಎಳೆದರು. ಧೂಳು ಬಂತು, ಸ್ವರವೂ ಬಂತು. ಎರಡು ಹೀಗೆ ಸರಿಯಾದವು. ಮೂರನೆಯದು ಏಳಲಿಲ್ಲ. ‘ಇರಲಿ, ಇದನ್ನು ಬಿಟ್ಟು ಹಾಡ್ತೀನಿ.’

ಆಮೇಲೆ ಹಲಗೆ ಮುಚ್ಚಿ, ನುಡಿಸದೆ ಸುಮ್ಮನೆ ಮನೆಗಳ ಮೇಲೆ ಬೆರಳಿನ ತುದಿ ಆಡಿಸಿದರು. ಒಂದು ಕಡೆ ನಿಲ್ಲಿಸಿದರು.

‘ಇದನ್ನ ಯಾರು ಬಾರಿಸ್ತಿದ್ರವ್ವಾ?’

‘ನಮ್ಮಜ್ಜ ರೀ. ನಾಟಕದ ಮಾಸ್ತರ.’

‘ಹೆಣ್ಮಕ್ಕಳಿಗೆ ಬಾರಿಸಿದ ಪೇಟಿ ಇದು. ಕರಿ ನಾಕು, ಕರಿ ಐದು ಎರಡೂ ಸವದಾವ ನೋಡ್ರಿ. ಗಂಡಸರು ಅಷ್ಟು ಎತ್ತರ ಷಡ್ಜ ಹಿಡಿಯಂಗಿಲ್ಲ.’

ನಾನು ಬೆರಳಿಟ್ಟು ನೋಡಿದೆ. ನಿಜ, ಮಿಕ್ಕ ಕರಿ ಮನೆಗಳ ಅಂಚು ಚೂಪಿದ್ದರೆ ಆ ಎರಡು ಮಾತ್ರ ಕಲ್ಲುಸಕ್ಕರೆ ಚೀಪಿದ ಹಾಗೆ ನುಣ್ಣಗಿದ್ದವು.

ನಮ್ಮ ಭಾಗದ ಊರಿನ ನಾಟಕಗಳಿಗೆ ಹೆಣ್ಣು ಪಾತ್ರಕ್ಕೆ ಕಲಾವಿದೆಯರನ್ನು ಕರೆಸುತ್ತಿದ್ದರು, ಮರಿಯಮ್ಮನಹಳ್ಳಿಯಿಂದ, ಕೂಡ್ಲಿಗಿ ಕಡೆಯಿಂದ. ಇಡೀ ರಾತ್ರಿ ಹಾಡಿ, ಕುಣಿದು, ಬೆಳಗಿನ ಬಸ್ಸಿಗೆ ಇನ್ನೊಂದು ಊರಿಗೆ ಹೋಗುತ್ತಿದ್ದರು. ಅವರಿಗೆ ಚಪ್ಪಾಳೆ ಸಿಗುತ್ತಿತ್ತು, ಊರಲ್ಲಿ ಉಳಿಯೋಕೆ ಮನೆ ಸಿಗುತ್ತಿರಲಿಲ್ಲ. ಅವರ ಜತೆ ಪೇಟಿ ಹಿಡಿದು ಓಡಾಡುವ ಮಾಸ್ತರನ ಬಗ್ಗೆಯೂ ಊರು ಮಾತಾಡುತ್ತಿತ್ತು. ಅಮ್ಮನ ಮದುವೆ ಮಾತುಕತೆಯಲ್ಲಿ ಅದು ಎರಡು ಸಲ ಅಡ್ಡ ಬಂದಿತ್ತಂತೆ. ಇದನ್ನು ಅಮ್ಮ ನನಗೆ ಹೇಳಿದ್ದು ಆ ರಾತ್ರಿ ಮನೆಗೆ ಬಂದ ಮೇಲೆ. ಪೇಟಿ ಯಾಕೆ ಮೂವತ್ತು ವರ್ಷ ಅಟ್ಟದಲ್ಲಿತ್ತು ಅನ್ನೋದಕ್ಕೆ ಅಷ್ಟೇ ಕಾರಣ. ಮಾರೋಕೂ ಮನಸಿಲ್ಲ, ಇಳಿಸೋಕೂ ಮನಸಿಲ್ಲ.

ಏಳಕ್ಕೆ ಸಭೆ ಶುರುವಾಯ್ತು. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ. ಹಡಗಲಿ ಮಲ್ಲಿಗೆಯ ಹಾರಗಳು ಬಂದವು, ಘಮ್ ಅಂತಿತ್ತು ನಿಜ. ಆಮೇಲೆ ಸನ್ಮಾನ. ಒಬ್ಬೊಬ್ಬರಿಗೂ ಶಾಲು, ಹಾರ, ಫಲದ ಬುಟ್ಟಿ, ಫೋಟೋ. ಶಾಮಿಯಾನ ಕೊಡಿಸಿದವರಿಗೆ, ಊಟ ಹಾಕಿಸಿದವರಿಗೆ, ನಿವೃತ್ತರಾದವರಿಗೆ, ಆಯ್ಕೆಯಾದವರಿಗೆ, ಆಯ್ಕೆಯಾಗಲಿರುವವರಿಗೆ. ಹತ್ತೊಂಬತ್ತು ಶಾಲು. ‘ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿ ಊರಿಗೆ ಕೀರ್ತಿ ತಂದ’ ಅಂತ ನನ್ನ ಹೆಸರೂ ಕೂಗಿದರು! ಹೋಗಲಿಲ್ಲ ಅಂದ್ರೆ ಮಾವನಿಗೆ ಅವಮಾನ. ಹೋದೆ, ಹೊದ್ದುಕೊಂಡೆ, ಫೋಟೋಕ್ಕೆ ನಕ್ಕೆ. ಆದ್ದರಿಂದ ಈ ಅಂಕಣದಲ್ಲಿ ನಾನು ಬೈಯುತ್ತಿರೋದು ಹದಿನೆಂಟು ಶಾಲನ್ನಲ್ಲ, ಹತ್ತೊಂಬತ್ತನ್ನೂ.

ಪ್ರತಿ ಭಾಷಣದಲ್ಲೂ ಪುಟ್ಟಜ್ಜ ನಡೆದಾಡುವ ದೇವರು. ಅಂಧರ ಬಾಳಿನ ಬೆಳಕು. ಪದ್ಮಭೂಷಣ. ಹಿಂದಿನ ಸಾಲಿನಲ್ಲಿ ಅವರದೇ ಶಿಷ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದಾರೆ. ತಬಲಾ ಹುಡುಗ ಎರಡು ಸಲ ಸುತ್ತಿಗೆ ಹಿಡಿದು ಶ್ರುತಿ ಮಾಡಿಕೊಂಡ, ಮಂಜಿಗೆ ಎರಡು ಸಲವೂ ಇಳಿಯಿತು.

ಗವಾಯಿಗಳು ವೇದಿಕೆಗೆ ಬಂದಾಗ ಹತ್ತಕ್ಕೆ ಹತ್ತು ನಿಮಿಷ. ಅಷ್ಟರಲ್ಲಿ ಊಟದ ಕಡೆ ಪಾತ್ರೆ ಸದ್ದು ಶುರುವಾಗಿ ಅರ್ಧ ಜನ ಎದ್ದಿದ್ದರು. ನಿರೂಪಕರು ಮೈಕಿನಲ್ಲೇ, ‘ಗವಾಯಿಗಳೇ, ಸಮಯದ ಅಭಾವ, ದಯಮಾಡಿ ನಾಲ್ಕೇ ಹಾಡು’ ಅಂದರು.

ಅವರು ಏನೂ ಅನ್ನಲಿಲ್ಲ. ಒಂದು ವಚನ, ಒಂದು ದಾಸರ ಪದ. ಮೂರನೆಯದಕ್ಕೆ ಒಂದು ರಂಗಗೀತೆ ಎತ್ತಿಕೊಂಡರು. ತಮ್ಮ ಶ್ರುತಿ ಬಿಟ್ಟು ಷಡ್ಜವನ್ನು ಕರಿ ನಾಲ್ಕಕ್ಕೆ ಏರಿಸಿದರು. ಗಂಡು ದನಿಗೆ ಅದು ಎತ್ತರವೇ. ಮೇಲಿನ ಸ್ವರಕ್ಕೆ ಹೋದಾಗ ಗಂಟಲು ಬಿಗಿಯಿತು, ಒಂದು ಕಡೆ ದನಿ ಒಡೆಯಿತು. ಒಡೆದಲ್ಲಿ ಹಾಡು ಬಿಟ್ಟು ಪೇಟಿಯಲ್ಲಿ ಮುಂದುವರಿಸಿದರು, ಸೊಲ್ಲಿಲ್ಲದ ಆ ಒಂದು ಮನೆಯನ್ನು ಹಾರಿಸಿಕೊಂಡು. ಊಟದ ಸಾಲಿನಲ್ಲಿದ್ದ ನಾಲ್ಕು ಜನ ಮುದುಕಿಯರು ತಾಟು ಹಿಡಿದುಕೊಂಡೇ ವಾಪಸು ಬಂದು ನಿಂತರು. ಅವರಿಗೆ ಆ ಹಾಡು ಗೊತ್ತಿತ್ತು. ಅಮ್ಮ ನನ್ನ ಪಕ್ಕದಲ್ಲಿ ಕೂತಿದ್ದಳು. ನಾನು ಅವಳ ಮುಖ ನೋಡಲಿಲ್ಲ.

ನಾಲ್ಕನೆಯದು ಭೈರವಿಯಲ್ಲಿ ಒಂದು ಚಿಕ್ಕ ಪದ. ಹತ್ತೂವರೆಗೆ ಮುಗೀತು. ಒಟ್ಟು ನಲವತ್ತು ನಿಮಿಷ.

ಮಾರನೇ ದಿನ ಬೆಳಿಗ್ಗೆ ಮಾವ ಜಗಲಿಯಲ್ಲಿ ಕೂತು ಲೆಕ್ಕದ ನೋಟ್‌ಬುಕ್ ಬಿಚ್ಚಿದ್ದ. ನಾನು ಪಕ್ಕದಲ್ಲಿ ಕೂತೆ. ಶಾಮಿಯಾನ, ಮೈಕು, ಫ್ಲೆಕ್ಸ್, ಅಡಿಗೆ, ಹಾರ, ಶಾಲು, ಬುಟ್ಟಿ, ಫೋಟೋದವ. ಕೊನೇ ಸಾಲು: ಸಂಗೀತ, ಎರಡು ಸಾವಿರ. ಇಬ್ಬರಿಗೂ ಸೇರಿ.

‘ಮಾಮ, ಇದೇನಿದು?’

‘ಅವರು ಅಜ್ಜಾರ ಸೇವಾ ಅಂತ ಬರ್ತಾರ ತಂಗೀ. ಕೇಳಂಗಿಲ್ಲ.’

‘ಕೇಳಂಗಿಲ್ಲ ಅಂತ ಕೊಡಂಗಿಲ್ಲೇನು?’

‘ಬಸ್ ಚಾರ್ಜು ಬ್ಯಾರೆ ಕೊಟ್ಟೀವಿ.’

ನಾನು ಬೆಂಗಳೂರಿನ ಟಿಕೆಟ್ ಬಗ್ಗೆ ಹೇಳಿದೆ. ಒಂದು ಕುರ್ಚಿಗೆ ಒಂದೂವರೆ ಸಾವಿರ, ಅಂಥಾ ಕುರ್ಚಿ ನೂರರ ಮೇಲಿದ್ದವು. ಮಾವ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನು ಕೆಟ್ಟವನಲ್ಲ. ಹದಿನೈದು ದಿನ ಬಿಸಿಲಲ್ಲಿ ಅಲೆದು ಪಟ್ಟಿ ಎತ್ತಿದವನು. ‘ನೀನು ದುಡ್ಡು ಕೊಟ್ಟು ಹಾಡು ಕೇಳಾಕ ಹೋಗಿದ್ದಿ. ಇಲ್ಲಿ ಜನ ಶಾಲು ಹೊದಿಸಿದ್ರ ಮಾತ್ರ ದುಡ್ಡು ಕೊಡ್ತಾರ. ಶಾಲು ಇಲ್ಲಂದ್ರ ಪಟ್ಟಿ ಇಲ್ಲ, ಪಟ್ಟಿ ಇಲ್ಲಂದ್ರ ಹಾಡೂ ಇಲ್ಲ.’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಆದರೆ ತುಲಾಭಾರ ಮಾಡಿದ್ದೂ ಇದೇ ಊರು. ಅವತ್ತು ಯಾರೂ ಶಾಲು ಕೇಳಿರಲಿಲ್ಲ, ಅಮ್ಮ ಹುಂಡಿ ಒಡೆದದ್ದು ಫೋಟೋಕ್ಕಲ್ಲ.

ಗವಾಯಿಗಳ ನಂಬರ್ ತಗೊಂಡು ಫೋನ್ ಮಾಡಿದೆ. ಕ್ಷಮೆ ಕೇಳಿದರೆ ಅವರಿಗೆ ಮುಜುಗರ ಆಗುತ್ತೆ ಅನಿಸಿ, ಪೇಟಿ ರಿಪೇರಿ ಬಗ್ಗೆ ಕೇಳಿದೆ. ‘ಆ ಒಂದು ಎಲಿ ಹಾಕಿಸ್ರಿ, ಮತ್ತ ತಿದಿಗೆ ಚರ್ಮ ಹಾಕಿಸ್ರಿ. ಕರಿ ನಾಕು, ಐದು ಮಾತ್ರ ಬದಲಿ ಮಾಡಿಸಬ್ಯಾಡ್ರಿ’ ಅಂದರು. ಹಾರ್ಮೋನಿಯಂ ಪಾಠಕ್ಕೆ ಫೋನಿನಲ್ಲೇ ವಿಡಿಯೋ ಮೂಲಕ ಕೂರಬಹುದಾ ಅಂತ ಕೇಳಿದೆ. ತಿಂಗಳಿಗೆ ಎಷ್ಟು ಅಂತಲೂ ಕೇಳಿದೆ. ಮೊದಲು ‘ಅಜ್ಜಾರ ಹೆಸರಲ್ಲಿ ಕಲೀರಿ’ ಅಂದರು. ನಾನು ಬಿಡಲಿಲ್ಲ. ಆಮೇಲೆ ಒಂದು ಮೊತ್ತ ಹೇಳಿದರು, ತಕ್ಷಣ ‘ಹೆಚ್ಚಾತೇನ್ರಿ?’ ಅಂದರು. ನಮ್ಮ ಆಫೀಸಿನ ಕೆಳಗೆ ಎರಡು ಕಾಫಿ, ಒಂದು ಕೇಕಿಗೆ ಅಷ್ಟಾಗುತ್ತೆ. ಅದರ ನಾಲ್ಕರಷ್ಟಕ್ಕೆ ಒಪ್ಪಿಸಿದೆ. ನನ್ನಿಬ್ಬರು ಗೆಳತಿಯರಲ್ಲಿ ಒಬ್ಬಳು, ಅವತ್ತು ಪ್ರಶ್ನೆ ಕೇಳಿದವಳು, ತಾನೂ ಸೇರ್ತೀನಿ ಅಂದಿದ್ದಾಳೆ. ಅವಳಿಗೆ ಪಿಯಾನೋ ಬರುತ್ತೆ, ತಿದಿ ಒತ್ತೋಕೆ ಮಾತ್ರ ಕೈ ಮರೀತಾಳೆ.

ಈ ವರ್ಷದ ಪಟ್ಟಿಗೆ ಮಾವ ಮತ್ತೆ ಫೋನ್ ಮಾಡಿದ್ದ. ಹತ್ತು ಸಾವಿರ ಬರಕೋ ಅಂದೆ, ಎರಡು ಷರತ್ತು. ಲೆಕ್ಕದ ಬುಕ್ಕಿನಲ್ಲಿ ಮೊದಲ ಸಾಲು ಸಂಗೀತ ಆಗಬೇಕು, ಅದಕ್ಕೆ ನನ್ನ ಹತ್ತೂ ಹೋಗಬೇಕು. ಮತ್ತೆ ಹಾಡು ಮೊದಲು, ಸನ್ಮಾನ ಆಮೇಲೆ.

‘ಮೊದಲನೇದು ಆಗ್ತತಿ ತಂಗೀ’ ಅಂದ. ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಎರಡನೇದು ಕಮಿಟಿಯಾಗ ಇಡ್ತೀನಿ. ಹಾಡು ಮುಗದ ಮ್ಯಾಗ ಜನ ಊಟಕ್ಕ ಹೋದ್ರ, ಶಾಲು ಹೊದಿಸೋದು ಯಾರು ನೋಡಬೇಕು?’ ಅಂದ.

‘ಅದಕ್ಕೇ ಮಾಮ’ ಅಂದೆ.